ಪಂಪು ಹಳತಾಗಿರಲಿಲ್ಲ, ಗಾಳಿ ಎಳೆಯುತ್ತಿತ್ತು

ನಮ್ಮದು ಪುತ್ತೂರಿನ ಕಡೆ. ಕೆಂಪು ಕಲ್ಲಿನ ತೆರೆದ ಬಾವಿ, ಅದರ ಪಕ್ಕದ ತಗ್ಗಿನಲ್ಲಿ 1 ಎಚ್‌ಪಿ ಮೋನೋಬ್ಲಾಕ್ ಪಂಪು, ತಾರಸಿಯ ಮೇಲೆ 1000 ಲೀಟರ್ ಟ್ಯಾಂಕು. ಮಳೆಗಾಲದಿಂದ ಜನವರಿವರೆಗೆ ಒಂದು ಮಾತು ಹೇಳುವ ಹಾಗಿರಲಿಲ್ಲ. ಮಾರ್ಚ್ ಕಳೆಯುತ್ತಿದ್ದ ಹಾಗೆ ತಕರಾರು ಶುರುವಾಯ್ತು. ಸ್ವಿಚ್ ಹಾಕಿದ ಕೂಡಲೇ ನೀರು ಜೋರಾಗಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣಗಾಗುತ್ತದೆ. ಆಮೇಲೆ ಟ್ಯಾಂಕಿನ ಬಾಯಲ್ಲಿ ಕೆಮ್ಮಿದ ಹಾಗೆ ಬಿಟ್ಟು ಬಿಟ್ಟು ಬೀಳುತ್ತದೆ. ಮಾರನೇ ದಿನ ಬೆಳಿಗ್ಗೆ ಪಂಪಿನಲ್ಲಿ ನೀರೇ ಇರುವುದಿಲ್ಲ. ಮೇಲಿನ ಪ್ಲಗ್ ಬಿಚ್ಚಿ, ಚೆಂಬಿನಲ್ಲಿ ನೀರು ಹೊಯ್ದು, ಗುಳ್ಳೆ ಹೋಗುವವರೆಗೆ ಕಾದು ಮತ್ತೆ ಸ್ಟಾರ್ಟ್ ಮಾಡಬೇಕು.

ಬಂದವರೆಲ್ಲ ಒಂದೊಂದು ಹೇಳಿದರು. ರಿಪೇರಿಯವರು ಕಿವಿಗೊಟ್ಟು ಕೇಳಿ, "ಇಂಪೆಲ್ಲರ್ ಸವೆದಿದೆ ಮಾರಾಯ್ರೇ, ರಿಪೇರಿಗಿಂತ ಹೊಸ ಪಂಪೇ ಒಳ್ಳೆದು" ಎಂದರು (ಇಂಪೆಲ್ಲರ್ ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ). ಪಕ್ಕದ ತೋಟದವರು, "ಫುಟ್ ವಾಲ್ವ್ ಹೋಗಿದೆ, ಬೇರೆ ಎಂಥದ್ದೂ ಅಲ್ಲ" ಎಂದರು (ಬಾವಿಯೊಳಗಿನ ಪೈಪಿನ ಕೆಳ ತುದಿಯಲ್ಲಿರುವ ವಾಲ್ವ್ ಅದು). ಎರಡಕ್ಕೂ ದುಡ್ಡು ಹಾಕಬೇಕು. ಹಾಕುವ ಮೊದಲು ನಾನೇ ನೋಡೋಣ ಅಂತ ಕೂತೆ.

ಮೊದಲು ಬಕೆಟ್ ಲೆಕ್ಕ. "ನೀರು ಕಡಿಮೆ ಬರ್ತದೆ" ಅನ್ನುವುದು ಯಾರಿಗೂ ಏನನ್ನೂ ಹೇಳುವುದಿಲ್ಲ. 20 ಲೀಟರಿನ ಬಕೆಟ್ 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 60 ಲೀಟರ್, ಖಾಲಿ ಟ್ಯಾಂಕು ತುಂಬಲು 17 ನಿಮಿಷ. ನಮ್ಮಲ್ಲಿ ಶುರುವಿಗೆ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. ಆಮೇಲೆ ಅದರ ಅರ್ಧವೂ ಇಲ್ಲ. ಇಂಪೆಲ್ಲರ್ ನಿಜಕ್ಕೂ ಸವೆದಿದ್ದರೆ ಮೊದಲ ನಿಮಿಷದಲ್ಲೂ ನೀರು ಕಡಿಮೆಯೇ ಇರಬೇಕಿತ್ತಲ್ವಾ? ಸವೆದ ಇಂಪೆಲ್ಲರ್ ಐದು ನಿಮಿಷ ಸರಿಯಾಗಿದ್ದು ಆಮೇಲೆ ಸವೆಯುವುದಿಲ್ಲ. ಹೊಸ ಪಂಪಿನ ಮಾತು ಅಲ್ಲಿಗೇ ಬಿಟ್ಟೆ.

ಕರೆಂಟಿನ ಮೇಲೂ ಅನುಮಾನ ಇತ್ತು. ಬೇಸಿಗೆಯ ಸಂಜೆ ನಮ್ಮ ಲೈನಿನಲ್ಲಿ 230 ವೋಲ್ಟ್ ಸಿಗುವುದು ಅಪರೂಪ. ಆದರೆ ಪ್ಯಾನೆಲ್ ಬೋರ್ಡಿನಲ್ಲಿ ಎರಡು ಮೀಟರ್ ಇರುತ್ತವೆ, ನಾವು ಅವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ನೀರು ಸಣ್ಣಗಾಗುವ ಹೊತ್ತಿಗೆ ವೋಲ್ಟ್ ಮೀಟರಿನ ಮುಳ್ಳು ಇದ್ದಲ್ಲೇ ಇತ್ತು, ಆಂಪಿಯರ್ ಮುಳ್ಳು ಮಾತ್ರ ಕೆಳಗೆ ಇಳಿಯಿತು. ಇಂಥ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಎತ್ತುವ ನೀರು ಕಡಿಮೆಯಾದರೆ ಮೋಟಾರಿನ ಹೊರೆಯೂ ಕಡಿಮೆ, ಎಳೆಯುವ ಕರೆಂಟೂ ಕಡಿಮೆ. ಬೇರಿಂಗ್ ಹಿಡಿದಿದ್ದರೆ, ಇಂಪೆಲ್ಲರಿಗೆ ಏನಾದರೂ ಸಿಕ್ಕಿಹಾಕಿಕೊಂಡಿದ್ದರೆ ಆಂಪಿಯರ್ ಏರಬೇಕಿತ್ತು. ಇಳಿದಿದೆ ಅಂದರೆ ಮೋಟಾರು ಸುಮ್ನೆ ತಿರುಗುತ್ತಿದೆ, ಅದಕ್ಕೆ ಎತ್ತಲು ನೀರು ಸಾಲುತ್ತಿಲ್ಲ. ತೊಂದರೆ ಪಂಪಿನಿಂದ ಕೆಳಗೆ, ಬಾವಿಯಿಂದ ನೀರು ಎಳೆಯುವ ಸಕ್ಷನ್ ಬದಿಯಲ್ಲಿ.

ಇನ್ನು ಫುಟ್ ವಾಲ್ವ್. ಅದರ ಕೆಲಸ ಪಂಪು ನಿಂತಾಗ ಮಾತ್ರ: ಪೈಪಿನಲ್ಲಿರುವ ನೀರು ವಾಪಸ್ ಬಾವಿಗೆ ಇಳಿಯದ ಹಾಗೆ ತಡೆಯುವುದು. ಅದರ ವಾಷರಿನ ನಡುವೆ ಅಡಿಕೆ ಗರಿಯ ಚೂರೋ ಹಲಸಿನ ಎಲೆಯೋ ಸಿಕ್ಕಿದರೆ ರಾತ್ರಿ ನೀರು ಇಳಿದುಹೋಗುತ್ತದೆ, ಬೆಳಿಗ್ಗೆ ಪ್ರೈಮಿಂಗ್, ಅಂದರೆ ನೀರು ಹೊಯ್ದು ಪಂಪು ತುಂಬಿಸುವ ಕೆಲಸ, ಮಾಡಬೇಕಾಗುತ್ತದೆ. ಆದರೆ ಒಮ್ಮೆ ಪ್ರೈಮ್ ಆಗಿ ಓಡಲು ಶುರುವಾದ ಮೇಲೆ ನೀರು ಪೂರ್ತಿ ಬರಬೇಕು. ಫುಟ್ ವಾಲ್ವಿನ ಜಾಲರಿಗೆ ಕಸ ಕಟ್ಟಿದ್ದರೆ ಮಾತು ಬೇರೆ, ಆಗ ಶುರುವಿನಿಂದಲೇ ನೀರು ಸಣ್ಣ. ನಮ್ಮಲ್ಲಿ ಎರಡೂ ಅಲ್ಲ. ಓಡುವಾಗಲೂ ತೊಂದರೆ, ನಿಂತಾಗಲೂ ತೊಂದರೆ. ಎರಡಕ್ಕೂ ಒಂದೇ ಕಾರಣ ಇರಬಹುದು ಅಂತ ಹೊಳೆದದ್ದು ಆಗ.

ಸಕ್ಷನ್ ಪೈಪಿನಲ್ಲಿ ಸಣ್ಣ ಬಿರುಕು ಇದ್ದರೆ ಪಂಪು ಓಡುವಾಗ ಅಲ್ಲಿ ಒಂದು ಹನಿಯೂ ಸೋರುವುದಿಲ್ಲ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ, ಹಾಗಾಗಿ ಗಾಳಿಯೇ ಒಳಗೆ ನುಗ್ಗುತ್ತದೆ. ಪಂಪು ನೋಡಲು ಬಂದವರು ಓಡುತ್ತಿರುವಾಗ ಪೈಪು ಮುಟ್ಟಿ, "ಎಲ್ಲಿಯೂ ಲೀಕಿಲ್ಲ" ಎಂದು ಹೋಗುವುದು ಇದಕ್ಕೇ. ಪಂಪು ನಿಂತ ಕೂಡಲೇ ಆಟ ತಿರುಗುತ್ತದೆ. ತಾರಸಿಯವರೆಗೆ ತುಂಬಿ ನಿಂತ ಡೆಲಿವರಿ ಪೈಪಿನ ನೀರಿನ ಭಾರ ಪಂಪಿನ ಮೂಲಕ ಸಕ್ಷನ್ ಪೈಪಿನ ಮೇಲೆ ಬೀಳುತ್ತದೆ. ಗಾಳಿ ಒಳಗೆ ಹೋದ ಅದೇ ತೂತಿನಿಂದ ಈಗ ನೀರು ಹೊರಗೆ ಬರಬೇಕು. ಡೆಲಿವರಿಯಲ್ಲಿ ರಿಟರ್ನ್ ತಡೆಯುವ ವಾಲ್ವ್ ಇದ್ದರೆ ಈ ಉಪಾಯ ನಡೆಯುವುದಿಲ್ಲ. ನಮ್ಮಲ್ಲಿ ಅದು ಇರಲಿಲ್ಲ.

ಪೈಪನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ಪಂಪು ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಬಾವಿಯ ಗೋಡೆ ದಾಟಿದ ಕೂಡಲೇ ಒಂದು ಬೆಂಡ್ ಇದೆ, ಅದರ ನಿಪ್ಪಲ್‌ಗೆ (ಪೈಪು ಏರಿಸುವ ಗಿಡ್ಡ ಕೊಳವೆಗೆ) ಕರಿ ಪ್ಲಾಸ್ಟಿಕ್‌ನ ಎಚ್‌ಡಿಪಿಇ ಪೈಪು ಹಾಕಿ ಕ್ಲ್ಯಾಂಪ್ ಬಿಗಿದಿದ್ದಾರೆ. ಆ ಕ್ಲ್ಯಾಂಪಿನ ಅಂಚಿನಲ್ಲಿ ಮೊದಲು ಹೊಳಪು ಕಾಣಿಸಿತು. ಆಮೇಲೆ ಒಂದು ಹನಿ ಕಟ್ಟಿ, ಪೈಪಿನ ಬೆನ್ನ ಮೇಲೆ ದಾರದಷ್ಟು ತೆಳ್ಳಗೆ ಜಾರಿತು. ಖಾತ್ರಿಗೆ ಮತ್ತೆ ಪಂಪು ಓಡಿಸಿ ಆ ಜಾಗಕ್ಕೆ ಸೋಪಿನ ದಪ್ಪ ನೊರೆ ಹಚ್ಚಿದೆ. ಒಂದೇ ಒಂದು ಕಡೆ ನೊರೆ ಗುಳಿ ಬಿದ್ದು ಒಳಗೆ ಹೋಯಿತು, ಅಕ್ಕಪಕ್ಕದ್ದು ಹಾಗೇ ಇತ್ತು.

ಬೆಳಿಗ್ಗೆ ಪಂಪು ಖಾಲಿಯಾಗುತ್ತಿದ್ದದ್ದಕ್ಕೂ ಇದೇ ಕಾರಣ. ಬಿರುಕು ಪಂಪಿಗಿಂತ ಕೆಳಗಿತ್ತು, ರಾತ್ರಿಯೆಲ್ಲ ನೀರು ಅಲ್ಲಿಂದ ಜಿನುಗುತ್ತಿತ್ತು. ಪಾಪ, ಬೈಸಿಕೊಂಡದ್ದು ಫುಟ್ ವಾಲ್ವ್.

ಬೇಸಿಗೆಯಲ್ಲಿ ಮಾತ್ರ ಯಾಕೆ? ಪಂಪು ಪೈಪಿನೊಳಗಿನ ಒತ್ತಡ ಇಳಿಸಿದಾಗ ಬಾವಿಯ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದು ತಳ್ಳುವುದು ಲೆಕ್ಕದಲ್ಲಿ 10.3 ಮೀಟರ್. ಪೈಪಿನ ಉಜ್ಜಾಟ, ಬೆಂಡು, ವಾಲ್ವ್ ಎಲ್ಲ ಕಳೆದು ಇಂಥ ಪಂಪಿಗೆ ನಂಬಬಹುದಾದದ್ದು 6-7 ಮೀಟರ್ ಅಷ್ಟೇ. ಮಡಿಕೇರಿಯಂಥ ಎತ್ತರದ ಊರಿನಲ್ಲಿ ಅದರಲ್ಲೂ ಒಂದು ಮೀಟರಿಗಿಂತ ಜಾಸ್ತಿ ಕಡಿಮೆ ಹಿಡಿಯಬೇಕು. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಕೈಗೆ ಸಿಗುವ ಹಾಗೆ ಮೇಲಿರುತ್ತದೆ, ಪಂಪು ಎಳೆಯುವ ಜೋರು ಕಡಿಮೆ, ಬಿರುಕಿನಿಂದ ಬರುವ ಗಾಳಿಯೂ ಕಡಿಮೆ. ಬಾವಿ ಇಳಿದಷ್ಟೂ ಎಳೆತ ಜಾಸ್ತಿ. ಪಂಪು ಓಡಿದ ಹಾಗೆ ನೀರು ಇನ್ನೂ ಇಳಿಯುತ್ತದೆ. ಶುರುವಿಗೆ ಜೋರು, ಆಮೇಲೆ ಸಣ್ಣ ಆಗುತ್ತಿದ್ದದ್ದು ಇದಕ್ಕೇ.

ಅವತ್ತಿಗೆ ಮೇನ್ ಸ್ವಿಚ್ ತೆಗೆದು, ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ, ಬಿರುಕಿನ ಮೇಲೆ ಎಳೆದೆಳೆದು ಸುತ್ತಿದೆ. ಡೆಲಿವರಿ ಪೈಪಿಗೆ ಇಂಥ ಪಟ್ಟಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಕ್ಷನ್ನಿಗೆ ನಿಲ್ಲುತ್ತದೆ, ಯಾಕಂದರೆ ಪಂಪು ಓಡುವಾಗ ರಬ್ಬರನ್ನು ತಾನೇ ಒಳಕ್ಕೆ ಎಳೆದು ಕೂರಿಸುತ್ತದೆ. ಸರಿಯಾದ ರಿಪೇರಿ ಆಮೇಲೆ ಮಾಡಿದೆ. ಬಾವಿಗೆ ಇಳಿಯಲಿಲ್ಲ, ಇಬ್ಬರು ಸೇರಿ ಹಗ್ಗ ಕಟ್ಟಿ ಪೈಪನ್ನೇ ಮೇಲೆ ಎಳೆದೆವು. ಬಿರುಕಿನ ತುದಿ ಕತ್ತರಿಸಿ, ಹೊಸ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ನಿಪ್ಪಲ್‌ಗೆ ಏರಿಸಿದೆ. ಒಂದು ಕ್ಲ್ಯಾಂಪಿನ ಬದಲು ಎರಡು, ಅವುಗಳ ಸ್ಕ್ರೂ ಎದುರು ಬದುರು ಬರುವ ಹಾಗೆ. ಬೆಂಡಿನ ಮರೆಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪನ್ನು ತಿರುಗಿಸುವ ದಿಕ್ಕಿಗೇ ಸುತ್ತಬೇಕು, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಪೈಪು ಹೇಗೂ ಮೇಲಿತ್ತಲ್ಲ, ಫುಟ್ ವಾಲ್ವ್ ಬಿಚ್ಚಿ ತೊಳೆದೆ. ವಾಷರ್ ಚೆನ್ನಾಗಿಯೇ ಇತ್ತು.

ಈಗ ಡೆಲಿವರಿಯಲ್ಲಿ ಒಂದು ಪ್ರೆಷರ್ ಗೇಜ್ ಹಾಕಿಸಿದ್ದೇನೆ. ಅದರಲ್ಲಿ 1 ಕೆಜಿ (ಚದರ ಸೆಂಟಿಮೀಟರಿಗೆ) ಅಂದರೆ ಸುಮಾರು 10 ಮೀಟರ್ ನೀರಿನ ಎತ್ತರ. ಮುಳ್ಳು ನಿಂತಲ್ಲಿ ನಿಂತರೆ ಸರಿ, ಪಟಪಟ ನಡುಗಿದರೆ ಗಾಳಿ ಬರುತ್ತಿದೆ. ಮೇ ತಿಂಗಳಲ್ಲಿ ಬಾವಿ ತೀರಾ ಇಳಿದಾಗ ಫುಟ್ ವಾಲ್ವ್ ಮೇಲೆ ಒಂದೂವರೆ ಅಡಿ ನೀರಾದರೂ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಸುಳಿ ಎದ್ದು ಅಲ್ಲಿಂದಲೂ ಗಾಳಿ ಹೋಗುತ್ತದೆ. ಆ ಸಮಯಕ್ಕೆ ಡೆಲಿವರಿಯ ಗೇಟ್ ವಾಲ್ವನ್ನು ಸ್ವಲ್ಪ ಮುಚ್ಚಿ ಓಡಿಸುವುದು ವಾಸಿ. ಟ್ಯಾಂಕು ತುಂಬಲು ಹೊತ್ತು ಜಾಸ್ತಿ ಬೇಕು, ಆದರೆ ಪಂಪಿಗೆ ನೀರಿನ ಹಿಡಿತ ತಪ್ಪುವುದಿಲ್ಲ.