ಮೊದಲು ಮನೆಯ ಚೀಲ, ಆಮೇಲೆ ಅಡತಿ

ನಮ್ಮದು ಆಳಂದ ಕಡೆ 4 ಎಕರೆ ಎರೆ ಹೊಲ. ಮಳೆಯೇ ಗತಿ. ಒಂದು ವರ್ಷ ರಾಶಿ ಆದ ವಾರದಲ್ಲೇ ತೊಗರಿಯೆಲ್ಲ ಅಡತಿಗೆ, ಅಂದ್ರೆ ದಲ್ಲಾಳಿ ಅಂಗಡಿಗೆ ಹಾಕಿ ಮಾರಿಬಿಟ್ಟೆವು. ಯುಗಾದಿ ಹೊತ್ತಿಗೆ ಕಿರಾಣಿ ಅಂಗಡಿಯಿಂದ ಬೇಳೆ ತಂದೆ. ದುಬಾರಿ ಅಂತ ಕಡಿಮೆ ಹಾಕಿದೆ, ಸಾರು ತೆಳ್ಳಗಾಯ್ತು. ಅತ್ತೆ ಏನೂ ಅನ್ನಲಿಲ್ಲ. ಸುಮ್ನೆ ಬಟ್ಟಲು ನೋಡಿ, ಕಿಟಕಿಯಾಚೆ ಹೊಲ ನೋಡಿದರು.

ಈಗ ಬಿತ್ತುವ ಮೊದಲೇ ಮನೆ ಲೆಕ್ಕ ಹಾಕುತ್ತೇನೆ. ನಾವು ಆರು ಜನ. ತಿಂಗಳಿಗೆ 5 ಕೆಜಿ, ವರ್ಷಕ್ಕೆ 60 ಕೆಜಿ ತೊಗರಿ ಬೇಳೆ ಬೇಕು. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕೆಜಿ ಬೇಳೆ ಬರುತ್ತದೆ. ಹಾಗಾಗಿ ಒಂದು ಕ್ವಿಂಟಲ್ ಮನೆಗೆ, ಬೀಜ ಬೇರೆ. ನಿಮ್ಮ ಮನೆಯ ತಲೆ ಎಣಿಸಿ ಹೀಗೇ ಲೆಕ್ಕ ಹಾಕಿ.

ಬೀಜ ಎಕರೆಗೆ 5 ಕೆಜಿ ಸಾಕು. ನಾವು ಹಾಕೋದು ಟಿಎಸ್-3ಆರ್, ನೆಟೆ ರೋಗ ತಡೆಯುವ ತಳಿ. ಆದರೂ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಹಚ್ಚಿ ನೆರಳಲ್ಲಿ ಆರಿಸುತ್ತೇನೆ. ಈ ರೋಗ ಮಣ್ಣಲ್ಲೇ ಕೂತಿರುತ್ತದೆ, ಗಿಡ ಬಾಡಿದ ಮೇಲೆ ಏನು ಹೊಡೆದರೂ ದಂಡ. ಅದಕ್ಕೇ ವರ್ಷ ಬಿಟ್ಟು ವರ್ಷ ಹೊಲದ ಅರ್ಧಕ್ಕೆ ಜೋಳ ಹಾಕುತ್ತೇವೆ. ರೊಟ್ಟಿಗೂ ಆಯ್ತಲ್ವಾ?

ತೊಗರಿ ಸಾಲಿನ ನಡುವೆ ಹೆಸರು ಕಾಳು. ಎರಡು ತಿಂಗಳು ಕಳೆಯುತ್ತಲೇ ಬಿಡಿಸಲು ಬರುತ್ತದೆ, ತೊಗರಿ ಹರಡೋದು ಆಮೇಲೆ. ಬದುವಿಗೆ ಪುಂಡಿ ಸೊಪ್ಪು. ತೊಗರಿಗೆ 45-50 ದಿನ ಆದಾಗ ಕುಡಿ ಚಿವುಟಿ. ಟೊಂಗೆ ಜಾಸ್ತಿ ಒಡೆಯುತ್ತದೆ, ಕಾಯಿಯೂ ಜಾಸ್ತಿ. ಬೆನ್ನು ನೋಯುತ್ತದೆ, ಸುಳ್ಳು ಹೇಳೋದಿಲ್ಲ.

ಕಾಯಿಕೊರಕದ ಹುಳದ್ದೇ ದೊಡ್ಡ ಕಾಟ. ಹೂ ಬಿಟ್ಟಾಗಿಂದ ಎರಡು ದಿನಕ್ಕೊಮ್ಮೆ ಹೊಲ ಸುತ್ತಿ. ಮನೆಗೆಂದು ಬಿಟ್ಟ ನಾಲ್ಕು ಸಾಲಿಗೆ ನಾನು ಅಂಗಡಿ ಎಣ್ಣೆ (ಕೀಟನಾಶಕ) ಹೊಡೆಸೋದಿಲ್ಲ, ಅಲ್ಲಿಂದ ಹಸಿ ಕಾಯಿ ಕಿತ್ತು ತಿನ್ನುತ್ತೇವೆ. ಗಿಡದ ಕೆಳಗೆ ಹಳೆ ಸೀರೆ ಹಾಸಿ, ಗಿಡ ಮೆಲ್ಲಗೆ ಅಲುಗಾಡಿಸಿ. ಹುಳ ಉದುರುತ್ತವೆ, ಕೋಳಿಗೆ ಹಬ್ಬ. ಮೊಟ್ಟೆ, ಮರಿಹುಳ ಕಂಡ ಕೂಡಲೇ ಬೇವಿನ ಬೀಜದ ಕಷಾಯ: 15 ಲೀಟರ್ ನೀರಿಗೆ 750 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಸಂಜೆ ಹೊಡೆಯಿರಿ. ಸರಿಯಾಗಿ ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅಲ್ಲೇ ಕೂರಬೇಕಾಗುತ್ತದೆ. ಉಳಿದ ಹೊಲಕ್ಕೆ ಎಣ್ಣೆ ಹೊಡೆಸಿದರೆ ಡಬ್ಬಿ ಮೇಲೆ ಬರೆದಷ್ಟು ದಿನ ಅಲ್ಲಿಯ ಕಾಯಿ ಮುಟ್ಟಬೇಡಿ. ಗಾಳಿ ಮನೆ ಸಾಲಿನ ಕಡೆ ಬೀಸುತ್ತಿದ್ದರೆ ಆ ದಿನ ಬೇಡ.

ಎಳ್ಳಮವಾಸ್ಯೆ ಭಜ್ಜಿಗೆ (ಹಸಿ ಕಾಳು, ತರಕಾರಿ, ಸೊಪ್ಪು ಕೂಡಿಸಿದ ಪಲ್ಯ) ಮನೆ ಸಾಲಿನ ಹಸಿ ತೊಗರಿಯೇ ಬೀಳಬೇಕು.

ದಿನದ ಊಟ ದೊಡ್ಡ ವಿಷಯವಲ್ಲ. ಜೋಳದ ರೊಟ್ಟಿ ಜೊತೆ ಗಟ್ಟಿ ಬೇಳೆ ಇರಲಿ. ಜೋಳದಲ್ಲಿ ಕಡಿಮೆ ಇರುವ ಪ್ರೋಟೀನ್ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಪುಂಡಿಪಲ್ಯ ಅಥವಾ ಮೆಂತ್ಯ, ಒಂದು ಚಮಚ ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ. ಬೇಳೆಗೆ ಇಳಿಸಿದ ಮೇಲೆ ನಿಂಬೆ ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಅಷ್ಟು ಹತ್ತೋದಿಲ್ಲ, ಒಂದು ತಾಸು ಬಿಡಿ. ಇದೊಂದನ್ನು ಮಾತ್ರ ನಮ್ಮ ಮನೆಯವರು ಇನ್ನೂ ಕೇಳಿಲ್ಲ.