ಹೇಟೆ ಕಾವಿಗೆ ಕೂತಿದೆ, ಅಡಿಗೆ ಮೊಟ್ಟೆ ಇಡಲಾ ಬೇಡವಾ?

ಪುಟ್ಟಿಗೆ (ಬುಟ್ಟಿಗೆ) ಕೈ ಹಾಕಿದರೆ ಹೇಟೆ, ಅಂದರೆ ಹೆಣ್ಣು ಕೋಳಿ, ಪುಕ್ಕ ಕೆದರಿಕೊಂಡು ಗುರ್ ಅನ್ನುತ್ತದೆ. ಎತ್ತಿ ಅಂಗಳಕ್ಕೆ ಬಿಟ್ಟರೆ ನಾಲ್ಕು ಕಾಳು ಹೆಕ್ಕಿ ಮತ್ತೆ ಓಡಿ ಬಂದು ಬರೀ ಹುಲ್ಲಿನ ಮೇಲೆ ಕೂರುತ್ತದೆ. ಹೊಟ್ಟೆ ಕೆಳಗೆ ಕೈಯಿಟ್ಟು ನೋಡಿ, ಪುಕ್ಕ ಉದುರಿದ ಚರ್ಮ ಬೆಚ್ಚಗೆ ತಾಗುತ್ತದೆ. ಕಾಯಿಲೆ ಅಲ್ಲ, ಮೊಟ್ಟೆ ಮೇಲೆ ಕೂತು ಮರಿ ಮಾಡುವ ಕಾವು ಬಂದಿದೆ ಅಷ್ಟೇ.

ಇಂಥ ಹೊತ್ತಲ್ಲಿ ಮನೆಯಲ್ಲಿರೋ ಮೊಟ್ಟೆಯೆಲ್ಲ ತಂದು ತುರುಕೋಕೆ ಹೋಗಬೇಡಿ. ಹುಂಜದ ಜೊತೆ ಓಡಾಡಿದ ಹೇಟೆಯ ಮೊಟ್ಟೆ ಮಾತ್ರ ಮರಿಯಾಗುವುದು. ಕಡು ಬೇಸಿಗೆಯಲ್ಲಿ ಮೊಟ್ಟೆ ಕೆಡೋದು ಜಾಸ್ತಿ, ಜಡಿ ಮಳೆಯಲ್ಲಿ ಮರಿ ನೆನೆದು ಸಾಯುತ್ತವೆ. ನಾನು ಕೂರಿಸುವುದು ದೀಪಾವಳಿ ಕಳೆದ ಮೇಲೆ, ಶಿವರಾತ್ರಿ ಒಳಗೆ. ಇನ್ನೊಂದು ಲೆಕ್ಕ ತುಂಬ ಜನ ಮರೆಯುತ್ತಾರೆ. ಹತ್ತು ಮರಿಯಲ್ಲಿ ಹೆಚ್ಚುಕಮ್ಮಿ ಐದು ಹುಂಜ ಆಗುತ್ತವೆ. ಹಳ್ಳಿಯಲ್ಲಾದರೆ ಹಬ್ಬಕ್ಕೆ ಕೇಳಿಕೊಂಡು ಬರುತ್ತಾರೆ. ಪಟ್ಟಣದ ಹಿತ್ತಲಲ್ಲಿ ಬೆಳಗಿನ ಜಾವ ಐದು ಹುಂಜ ಕೂಗಿದರೆ ಪಕ್ಕದ ಮನೆಯವರು ಸುಮ್ನೆ ಇರ್ತಾರಾ? ಮರಿ ಮಾಡಿದ ಹೇಟೆ ಎರಡು ಮೂರು ತಿಂಗಳು ಮೊಟ್ಟೆಯನ್ನೂ ಇಡಲ್ಲ.

ಮರಿ ಬೇಡ ಅನ್ನಿಸಿದರೆ ಅವತ್ತೇ ಕಾವು ಬಿಡಿಸಿ. ನಮ್ಮ ಕಡೆ ನೀರಲ್ಲಿ ಮುಳುಗಿಸುತ್ತಾರೆ, ಮೂಗಿಗೆ ಪುಕ್ಕ ಚುಚ್ಚುತ್ತಾರೆ. ನನಗೆ ಅದು ಸರಿ ಕಾಣಲ್ಲ. ತಂತಿ ಬಲೆಯ ತಳ ಇರೋ ಪಂಜರವನ್ನು ಎರಡು ಇಟ್ಟಿಗೆ ಮೇಲೆ ಇಟ್ಟು, ಹುಲ್ಲು ಹಾಕದೆ, ಕಾಳು ನೀರು ಕೊಟ್ಟು ನೆರಳಲ್ಲಿ ಕೂಡಿಡಿ. ಹೊಟ್ಟೆಗೆ ಗಾಳಿ ತಾಗಿ ತಣ್ಣಗಾದರೆ ಮೂರು ನಾಲ್ಕು ದಿನದಲ್ಲಿ ಕಾವು ಇಳಿಯುತ್ತದೆ.

ಬೇಕು ಅಂತಾದರೆ ನಾಟಿ ಹೇಟೆಗೆ ಹತ್ತೋ ಹನ್ನೆರಡೋ ಮೊಟ್ಟೆ ಸಾಕು. ವಾರಕ್ಕಿಂತ ಹಳೆಯದು ಬೇಡ, ತೊಳೆಯಲೂ ಬೇಡ. ಗಿರಿರಾಜ ತಳಿಯ ಕೋಳಿ ಸಾಕಿದವರಿಂದ ತಂದ ಮೊಟ್ಟೆಯನ್ನೂ ಇಡಬಹುದು. ಆ ತಳಿ ತಾನಾಗಿ ಕಾವಿಗೆ ಕೂರಲ್ಲ, ಅದರ ಮೊಟ್ಟೆಗೆ ನಮ್ಮ ನಾಟಿ ಹೇಟೆಯೋ ಕಾವು ಕೊಡುವ ಯಂತ್ರವೋ ಬೇಕು. ಮೊಟ್ಟೆ ದೊಡ್ಡದು, ಹಾಗಾಗಿ ಎರಡು ಮೂರು ಕಮ್ಮಿ ಇಡಿ. ಪುಟ್ಟಿಯಲ್ಲಿ ಬೂದಿ, ಬೇವಿನ ಸೊಪ್ಪು ಹಾಕಿ ಮೇಲೆ ಹುಲ್ಲು ಹರಡಿ, ಇಲ್ಲದಿದ್ದರೆ ಹೇನು ಹತ್ತಿ ಹೇಟೆ ಎದ್ದು ಹೋಗುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ನಮ್ಮತ್ತೆ ಒಂದು ಕಬ್ಬಿಣದ ಚೂರು ಇಡುತ್ತಿದ್ದರು. ನಾನೂ ಇಡ್ತೀನಿ, ಏನು ಕಳ್ಕೊಳ್ಳೋದಿದೆ!

ಪ್ರತಿ ಮೊಟ್ಟೆಗೂ ಇದ್ದಿಲಲ್ಲಿ ಒಂದು ಗೆರೆ ಎಳೆಯಿರಿ. ಇದನ್ನು ನಾನು ಕೆಟ್ಟು ಕಲಿತದ್ದು. ಒಂದು ವರ್ಷ ಗೆರೆ ಎಳೆಯದೆ ಹನ್ನೊಂದು ಇಟ್ಟಿದ್ದೆ. ಬೇರೆ ಹೇಟೆಗಳು ಅದೇ ಪುಟ್ಟಿಗೆ ಬಂದು ಇಟ್ಟು ಹೋಗಿ ಹದಿನೇಳಾಯಿತು. ರೆಕ್ಕೆ ಸಾಲದೆ ಅಂಚಿನ ಮೊಟ್ಟೆಯೆಲ್ಲ ತಣ್ಣಗಾದವು. ನಾಲ್ಕು ಮರಿ ಹೊರಬಂದದ್ದೇ ತಾಯಿ ಅವನ್ನು ಕರೆದುಕೊಂಡು ಹೊರಟೇ ಹೋಯಿತು. ಉಳಿದವನ್ನು ಒಡೆದು ನೋಡಿದರೆ ಅರ್ಧಕ್ಕರ್ಧ ಮರಿ ಬಲಿತಿದ್ದವು. ಈಗ ಗೆರೆ ಇಲ್ಲದ ಮೊಟ್ಟೆ ಕಂಡರೆ ಅವತ್ತೇ ಸಾರಿಗೆ.

ಏಳೆಂಟು ದಿನಕ್ಕೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ನರ ಹರಡಿದ್ದರೆ ಮರಿ ಇದೆ. ತಿಳಿಯಾಗಿದ್ದರೆ ತೆಗೆದುಬಿಡಿ. ದಿನಕ್ಕೊಂದು ಸಲ ಹೇಟೆ ಎದ್ದು ತಿಂದು, ಕುಡಿದು, ದೊಡ್ಡದಾಗಿ ಹಿಕ್ಕೆ ಹಾಕಿ ಬರಬೇಕು. ಏಳದಿದ್ದರೆ ನೀವೇ ಎಬ್ಬಿಸಿ.

21ನೇ ದಿನದ ಹೊತ್ತಿಗೆ ಚಿಪ್ಪಿನೊಳಗೆ ಮರಿಯ ಚಿಲಿಪಿಲಿ ಕೇಳಿಸುತ್ತದೆ. ಪಾಪ ಅಂತ ಉಗುರಲ್ಲಿ ಚಿಪ್ಪು ಬಿಡಿಸಬೇಡಿ, ರಕ್ತ ಬಂದು ಸಾಯುತ್ತದೆ. ಒಂದು ದಿನ ಆಹಾರಕ್ಕೂ ಅವಸರ ಇಲ್ಲ, ಹೊಟ್ಟೆಯಲ್ಲಿ ಹಳದಿ ಇನ್ನೂ ಇರುತ್ತದೆ. ಆಮೇಲೆ ನುಚ್ಚು, ರಾಗಿ. ಮರಿ ಮುಳುಗದಂಥ ತಟ್ಟೆಯಲ್ಲಿ ನೀರು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹನಿಯನ್ನು ಮೊದಲ ವಾರದಲ್ಲೇ ಪಶು ಆಸ್ಪತ್ರೆಯಲ್ಲಿ ಹಾಕಿಸಿ. ಮೊದಲ ತಿಂಗಳು ಮರಿಗಳ ಮೇಲೆ ಮಂಕರಿ (ದೊಡ್ಡ ಬುಟ್ಟಿ) ಕವುಚಿಯೇ ಇಡಿ, ಮೇಲೊಂದು ಕಲ್ಲೂ ಇರಲಿ. ಹದ್ದು ಮಧ್ಯಾಹ್ನ ಬಂದರೆ ಮುಂಗುಸಿ ಸಂಜೆಗೆ ಬರುತ್ತದೆ.