ಎರಡನೆಯ ನಗರಕೇಂದ್ರವಾಗಬಲ್ಲ ಬಡಾವಣೆಯನ್ನು ಗುರುತಿಸುವ ಬಗೆ

ಹಳೆಯ ನಗರಕೇಂದ್ರ ಕಿಕ್ಕಿರಿದು, ಬಾಡಿಗೆ ಕೈಗೆಟುಕದಂತಾಗಿ, ಕಚೇರಿಗಳು ಬೇರೆಡೆ ಜಾಗ ಹುಡುಕತೊಡಗಿದಾಗ ಎಲ್ಲರ ಕಣ್ಣು ಗಾಜಿನ ಗೋಪುರಗಳು ಎದ್ದಿರುವ ಬಡಾವಣೆಯ ಮೇಲೆ ಬೀಳುತ್ತದೆ. ಆದರೆ ಮೊದಲು ಹುಡುಕಬೇಕಾದದ್ದು ಜನರು ಈಗಾಗಲೇ ಬಸ್ಸು, ರೈಲು ಬದಲಿಸುತ್ತಿರುವ ಜಾಗವನ್ನು.

ಆದುದರಿಂದ ನಗರದ ಬಸ್, ರೈಲು ಮತ್ತು ಮೆಟ್ರೊ ಮಾರ್ಗಗಳನ್ನು ಒಂದೇ ನಕ್ಷೆಯಲ್ಲಿ ಎಳೆದುಕೊಂಡು, ಹಳೆಯ ಕೇಂದ್ರವನ್ನು ಬಿಟ್ಟು ಬೇರೆಲ್ಲಿ ಮೂರು ನಾಲ್ಕು ದಿಕ್ಕಿನ ಮಾರ್ಗಗಳು ಕೂಡುತ್ತವೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಟೋಕಿಯೊದ ಶಿಂಜುಕು ಬೆಳೆದದ್ದು ಹೀಗೆಯೇ. 1923ರ ಭೂಕಂಪದ ನಂತರ ಜನವಸತಿ ಪಶ್ಚಿಮಕ್ಕೆ ಹರಡಿದಾಗ, ಆ ಕಡೆಯ ಖಾಸಗಿ ರೈಲುಗಳಲ್ಲಿ ಬಂದವರು ನಗರದ ಒಳಕ್ಕೆ ಹೋಗಲು ಅಲ್ಲಿ ಇಳಿದು ಹತ್ತಬೇಕಾಗಿತ್ತು. ಹಾಗೆ ಇಳಿದವರನ್ನು ನಂಬಿ ಅಂಗಡಿಗಳೂ ಚಿತ್ರಮಂದಿರಗಳೂ ಬಂದವು. ನಿಲ್ದಾಣದ ಪಶ್ಚಿಮಕ್ಕಿದ್ದ ನೀರು ಶುದ್ಧೀಕರಣ ಘಟಕ 1965ರಲ್ಲಿ ಮುಚ್ಚಿದ ಮೇಲಷ್ಟೇ ಆ ನೆಲದಲ್ಲಿ ಗೋಪುರಗಳು ತಲೆಯೆತ್ತಿದವು, 1991ರಲ್ಲಿ ಮಹಾನಗರ ಸರ್ಕಾರದ ಕಚೇರಿಯೂ ಅಲ್ಲಿಗೆ ಸ್ಥಳಾಂತರಗೊಂಡಿತು.

ಈ ಕ್ರಮ ತಿರುವುಮುರುವಾದರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ ಕ್ಯಾನರಿ ವಾರ್ಫ್‌ನಲ್ಲಿ ನೋಡಬಹುದು. 1980ರಲ್ಲಿ ಮುಚ್ಚಿದ ಹಡಗುಕಟ್ಟೆಗಳ ಜಾಗದಲ್ಲಿ ಕಟ್ಟಡಗಳು ಎದ್ದಾಗ ಅಲ್ಲಿಗಿದ್ದದ್ದು 1987ರಲ್ಲಿ ಆರಂಭವಾದ ಲಘು ರೈಲು ಮಾತ್ರ. ಕಚೇರಿ ಮಾರುಕಟ್ಟೆಯೂ ಕುಸಿದುದರಿಂದ ಯೋಜನೆಯ ಸಂಸ್ಥೆ 1992ರಲ್ಲಿ ದಿವಾಳಿಯಾಯಿತು; ಜುಬಿಲಿ ಎಂಬ ಮೆಟ್ರೊ ಮಾರ್ಗ ಅಲ್ಲಿಗೆ ತಲುಪಿದ್ದು 1999ರಲ್ಲಿ. ಮೆಟ್ರೊ ಬರಲಿದೆ ಎಂಬ ಫಲಕವನ್ನು ನಂಬಿ ಲೆಕ್ಕ ಹಾಕುವವರು ಈ ಅಂತರವನ್ನು ನೆನಪಿನಲ್ಲಿಡಬೇಕು.

ಎರಡನೆಯದು ನೆಲ. ಮುಚ್ಚಿದ ಕಾರ್ಖಾನೆ, ಬಳಕೆಯಿಲ್ಲದ ರೈಲ್ವೆ ಯಾರ್ಡ್, ಸರ್ಕಾರಿ ಖಾಲಿ ಜಾಗ, ಇಂಥದ್ದು ಒಬ್ಬರ ಕೈಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ನೂರಾರು ಸಣ್ಣ ನಿವೇಶನಗಳನ್ನು ಒಂದುಗೂಡಿಸುವುದು ಹೆಣಗಾಟ. ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣ ಮಿಠಿ ನದಿಯ ಬದಿಯ ಜೌಗುನೆಲದಲ್ಲಿ ಒಂದೇ ಪ್ರಾಧಿಕಾರದ ಹಿಡಿತದಲ್ಲಿ ರೂಪುಗೊಂಡಿತು. ಆದರೆ ಹೆಸರಿನಲ್ಲಿರುವ ಎರಡು ಲೋಕಲ್ ರೈಲು ನಿಲ್ದಾಣಗಳೂ ಕಚೇರಿಗಳಿಂದ ದೂರ, ಉಳಿದ ದಾರಿಗೆ ಆಟೊ ಅಥವಾ ಬಸ್ಸೇ ಗತಿ. ಮೆಟ್ರೊ ಬಂದದ್ದು 2024ರಲ್ಲಿ. ಇದರ ಜೊತೆಗೆ ಹಳೆಯ ಕೇಂದ್ರದ ಕಟ್ಟಡ ನಿಯಮಗಳನ್ನೂ ಓದಿ. ಪ್ಯಾರಿಸ್ ತನ್ನೊಳಗೆ ಎತ್ತರದ ಕಟ್ಟಡಗಳಿಗೆ 1977ರಲ್ಲಿ ಕಡಿವಾಣ ಹಾಕಿತು. ನಗರದ ಗಡಿಯಾಚೆ, 1970ರಲ್ಲೇ ವೇಗದ ರೈಲು ತಲುಪಿದ್ದ ಲಾ ದೆಫಾನ್ಸ್ ಎಂಬ ಕಚೇರಿ ಬಡಾವಣೆ ಆ ಬೇಡಿಕೆಗೆ ಸಿದ್ಧವಾಗಿತ್ತು.

ಪಟ್ಟಿ ಎರಡು ಮೂರು ಬಡಾವಣೆಗಳಿಗೆ ಇಳಿದ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಬೆಳಗಿನ ಕಚೇರಿ ಸಮಯದಲ್ಲಿ ಎಲ್ಲ ಕಡೆಯೂ ಜನಜಂಗುಳಿಯೇ, ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ: ಫೈಲು ಹಿಡಿದವರು, ಆಸ್ಪತ್ರೆಯಿಂದ ಬಂದವರು, ಕಾಲೇಜು ಬಿಟ್ಟ ವಿದ್ಯಾರ್ಥಿಗಳು, ಬಟ್ಟೆ ಕೊಳ್ಳಲು ಬಂದವರು ಬೇರೆ ಬೇರೆ ಕೆಲಸಕ್ಕೆಂದು ಅದೇ ರಸ್ತೆಯಲ್ಲಿ ಓಡಾಡುತ್ತಿದ್ದರೆ ಅದು ಒಳ್ಳೆಯ ಸೂಚನೆ. ರಾತ್ರಿ ಎಂಟಕ್ಕೆ ಮತ್ತು ಭಾನುವಾರ ಇನ್ನೊಮ್ಮೆ ನೋಡಿ. ಕಚೇರಿ ಮುಚ್ಚಿದೊಡನೆ ಔಷಧಿ ಅಂಗಡಿಯೂ ಶಟರ್ ಎಳೆಯುವ ಬಡಾವಣೆ ಕಚೇರಿಗಳ ಗುಂಪಷ್ಟೇ.

ನಡೆಯುವಾಗ ಅಡ್ಡರಸ್ತೆಗಳ ನಡುವಿನ ಅಂತರವನ್ನೂ ಅಳೆಯಿರಿ. ನೂರು ಮೀಟರಿಗೊಂದು ಅಡ್ಡರಸ್ತೆ ಸಿಕ್ಕಿದರೆ ಅಂಗಡಿಗಳಿಗೆ ಮೂಲೆಗಳು ಸಿಗುತ್ತವೆ, ನಡೆಯುವವರಿಗೆ ದಾರಿಗಳು ಸಿಗುತ್ತವೆ. ಉದ್ದನೆಯ ಕಾಂಪೌಂಡ್ ಗೋಡೆಯ ಬದಿಯಲ್ಲಿ ಎರಡೂ ಇರುವುದಿಲ್ಲ. ಹೆದ್ದಾರಿಯ ಒಂದೇ ದ್ವಾರದಿಂದ ಒಳಹೋಗಬೇಕಾದ ಬಡಾವಣೆಯನ್ನು, ಅದರ ಗೋಪುರಗಳು ಎಷ್ಟೇ ಎತ್ತರವಿರಲಿ, ಪಟ್ಟಿಯಿಂದ ತೆಗೆದುಹಾಕಬಹುದು.